ಮಾಸ್ಕ್ ಮೂಗಿಗಷ್ಟೇ ಅಲ್ಲ, ಕುತ್ತಿಗೆಗೂ

ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಮಳೆಗಾಲದ ರಾತ್ರಿ, ಕರೆಂಟಿಲ್ಲ, ನಾಲ್ಕು ವರ್ಷದ ಮಗನ ಟ್ರಕಿಯಾಸ್ಟಮಿ ಟ್ಯೂಬಿನಲ್ಲಿ (ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ರಂಧ್ರ ಮಾಡಿ ಹಾಕಿದ ಕೊಳವೆ) ಕಫ ಕಟ್ಟಿತು, ಅದನ್ನು ಎಳೆದು ತೆಗೆಯುವ ಸಕ್ಷನ್ ಮಷೀನು ಓಡಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕನ್ನು ಮುಖಕ್ಕಷ್ಟೇ ಹಿಡಿದರು. ‘ಕುತ್ತಿಗೆಗೆ ಹಿಡಿಯಿರಿ’ ಎಂದ ಇವರನ್ನು ಹೊರಗೆ ಕಳಿಸಿದರು. ‘ಇನ್ಮೇಲೆ ಸೀದಾ ಶಿವಮೊಗ್ಗಕ್ಕೇ ಹೋಗ್ಬೇಕಾ?’ ಎಂಬುದು ಪ್ರಶ್ನೆ.

ಬೇಡಮ್ಮ. ಮುಚ್ಚಿದ ಟ್ಯೂಬು ಶಿವಮೊಗ್ಗದವರೆಗೆ ಕಾಯುವುದಿಲ್ಲ. ನಾನು ಡಾಕ್ಟರಲ್ಲ, ಆದರೂ ಇಷ್ಟು ಹೇಳಬಲ್ಲೆ: ನೀವು ಹೇಳಿದ್ದೇ ಸರಿ. ಇಂಥ ಹೊತ್ತಲ್ಲಿ ಆಕ್ಸಿಜನ್ ಕುತ್ತಿಗೆಗೂ ಕೊಡಬೇಕು, ಮುಖಕ್ಕೂ ಕೊಡಬೇಕು. ಕೆಲವು ಮಕ್ಕಳಿಗೆ ಗಂಟಲಿನ ಮೇಲಿನ ದಾರಿ ಪೂರ್ತಿ ಮುಚ್ಚಿರುತ್ತದೆ, ಅವರಿಗೆ ಮುಖದ ಮಾಸ್ಕ್ ಸುಮ್ನೆ ಅಲಂಕಾರ.

ಸಕ್ಷನ್ ಪೈಪು ಒಳಗೆ ಇಳಿಯದಿದ್ದರೆ ಟ್ಯೂಬು ಮುಚ್ಚಿದೆ ಇಲ್ಲವೇ ಜಾಗ ಬಿಟ್ಟು ಜಾರಿದೆ ಅಂತ ಅರ್ಥ. ಕಲಿತವರು ಅಲ್ಲೇ ಬದಲಾಯಿಸಬೇಕು. ಅದಕ್ಕೇ ಮಗು ಹೋದಲ್ಲೆಲ್ಲ ಚೀಲವೂ ಹೋಗಲಿ: ಅದೇ ಸೈಜಿನ ಟ್ಯೂಬು, ಒಂದು ಸೈಜು ಚಿಕ್ಕದು, ಕಟ್ಟುವ ಟೇಪು, ಕತ್ತರಿ, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್. ಮಾಸ್ಕ್ ಬಿಚ್ಚಿದ ಅಂಬು ಬ್ಯಾಗ್ ಸಾಮಾನ್ಯವಾಗಿ ಟ್ಯೂಬಿನ 15 ಮಿಲಿಮೀಟರ್ ಬಾಯಿಗೆ ಸೀದಾ ಕೂರುತ್ತದೆ. ನಿಮ್ಮದಕ್ಕೆ ಕೂರುತ್ತಾ, ಇವತ್ತೇ ನೋಡಿ. ಕಾಲಲ್ಲಿ ತುಳಿಯುವ ಸಕ್ಷನ್ ಪಂಪೂ ಸಿಗುತ್ತದೆ, ಮಲೆನಾಡಿನ ಮಳೆಗಾಲಕ್ಕೆ ಮೆಸ್ಕಾಂ ನಂಬುವುದಕ್ಕಿಂತ ಅದು ವಾಸಿ!

ನಿಮ್ಮನ್ನು ಹೊರಗೆ ಕಳಿಸಿದ್ದು ತಪ್ಪು, ಎರಡು ಮಾತಿಲ್ಲ. ಆದರೆ ಆ ರಾತ್ರಿ ಡ್ಯೂಟಿಯಲ್ಲಿದ್ದವರು ಇಂಥ ಮಗುವನ್ನು ಮೊದಲ ಸಲ ನೋಡಿರಬಹುದು, ಗಾಬರಿಯಲ್ಲಿ ತಾಯಿಯ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಅದೇ ಮಾತು ಡಾಕ್ಟರ ಸಹಿ ಇರುವ ಹಾಳೆಯಲ್ಲಿದ್ದರೆ ಓದುತ್ತಾರೆ. ಅನ್ಯಾಯ ಅನ್ನಿಸುತ್ತೆ, ಅಲ್ವಾ? ಅಮೆರಿಕದ ಮಕ್ಕಳ ವೈದ್ಯರ ಸಂಘ 1999ರಿಂದಲೇ ಇಂಥ ಮಕ್ಕಳಿಗೆಂದು ಒಂದು ತುರ್ತು ಫಾರ್ಮ್ ಇಟ್ಟಿದೆ. ನಮಗೆ ಒಂದು ಹಾಳೆ ಸಾಕು. ಟ್ಯೂಬಿನ ಸೈಜು, ಯಾಕೆ ಹಾಕಿದ್ದು, ಮೂಗು–ಬಾಯಿಯಿಂದ ಉಸಿರಾಡಬಲ್ಲನಾ ಇಲ್ಲವಾ, ಆಪರೇಷನ್ ಮಾಡಿದವರ ಫೋನು. ಮೂರನೆಯದನ್ನು ಕೆಂಪಕ್ಷರದಲ್ಲಿ ಬರೆಸಿ. 108ಕ್ಕೆ ಫೋನ್ ಮಾಡಿದಾಗಲೂ ಮೊಟ್ಟಮೊದಲು ಅದನ್ನೇ ಹೇಳಿ.

ಆಮೇಲೆ ಒಂದು ಮಾಮೂಲಿ ದಿನ, ಮಗ ಆರಾಮಾಗಿರುವಾಗ, ಅದೇ ಆಸ್ಪತ್ರೆಗೆ ಹೋಗಿ ಅವನನ್ನು ತೋರಿಸಿ ಬನ್ನಿ. ಜಗಳಕ್ಕಲ್ಲ. ಹಾಳೆಯ ಒಂದು ಪ್ರತಿ ಅಲ್ಲೂ ಇರಲಿ.

ಅತ್ತೆಗೆ ಟ್ಯೂಬು ಮುಟ್ಟಲು ಭಯ ಅಂದಿರಿ. ಮುಂದಿನ ಚೆಕಪ್ಪಿಗೆ ಅವರನ್ನೂ ಕರೆದುಕೊಂಡು ಹೋಗಿ, ನರ್ಸ್ ಎದುರಿಗೇ ಒಂದು ಸಲ ಅವರ ಕೈಯಿಂದಲೇ ಬದಲಾಯಿಸಲಿ. ನೀವು ಸ್ನಾನಕ್ಕೂ ಹೋಗಬೇಕಲ್ಲ.

– ಸಂಪಾದಕ