ಹನ್ನೊಂದನೇ ದಿನಕ್ಕೇ ಸಹಿ ಬೇಡ

ಓದುಗರೊಬ್ಬರ ಪತ್ರ, ಚುಟುಕಾಗಿ: "ನಮ್ಮ ಯಜಮಾನರು ಸ್ನೇಹಿತರ ಕಾರಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಕಾರು ಗುದ್ದಿತು. ಇವರು ಟೈಲರ್. ಬಲಗೈ ಮಣಿಕಟ್ಟು ಊದಿದೆ, ಕುತ್ತಿಗೆ ತಿರುಗಿಸಲು ಆಗುತ್ತಿಲ್ಲ. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಅಂದರು. ಹನ್ನೊಂದನೇ ದಿನಕ್ಕೆ ಆ ಕಾರಿನ ವಿಮಾ ಕಂಪನಿಯವರು ಫೋನ್ ಮಾಡಿ ಒಂದು ಮೊತ್ತ ಹೇಳಿದರು, ಪೇಪರ್ ಕಳಿಸುತ್ತೇವೆ ಸಹಿ ಹಾಕಿ ಅಂದರು. ಇವರು ಸೀಟ್ ಬೆಲ್ಟ್ ಹಾಕಿರಲಿಲ್ಲ, ಅದನ್ನೂ ಅವರು ಎತ್ತಿದರು. ಕುತ್ತಿಗೆ ನೋವು ಮೊದಲೂ ಇತ್ತಲ್ವಾ ಅಂತ ಬೇರೆ ಕೇಳಿದರು. ವಕೀಲರ ಹತ್ತಿರ ಹೋದರೆ ಬರುವ ದುಡ್ಡೂ ಅವರ ಪಾಲಾಗುತ್ತೆ ಅಂತ ನಮ್ಮ ಭಾವ ಹೇಳುತ್ತಾರೆ. ವಕೀಲರು ನಿಜಕ್ಕೂ ಬೇಕಾ? ಆ ಫೋನ್ ಮತ್ತೆ ಬಂದರೆ ಏನು ಹೇಳಲಿ?"

ಪ್ರೀತಿಯ ಸಹೋದರಿ,

ಮೊದಲು ಒಂದು ಮಾತು. ಆ ಪೇಪರಿಗೆ ಈಗ ಸಹಿ ಹಾಕಿಸಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ತಮ್ಮನಿಗೂ ಹೀಗೇ ಆಗಿತ್ತು. ಕಾರು ಗುದ್ದಿದಾಗ ಕೈ ಊರಿದ್ದ, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಉಳುಕು ಅಂದುಕೊಂಡು ಪಟ್ಟಿ ಸುತ್ತಿಸಿಕೊಂಡು ಬಂದ. ವಿಮಾ ಕಂಪನಿಯವರು ತುಂಬಾ ಮರ್ಯಾದೆಯಿಂದ ಮಾತಾಡಿದರು, ಒಂಬತ್ತನೇ ದಿನಕ್ಕೆ ಇವನು ಸಹಿ ಹಾಕಿದ. ಆರು ವಾರ ಕಳೆದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಲಗೈ ಬರುತ್ತಿರಲಿಲ್ಲ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಒಂದು ಸಣ್ಣ ಗುಳಿ ಬೀಳುತ್ತದೆ ನೋಡಿ. ಅಲ್ಲಿ ಒತ್ತಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೆ ಸ್ಕ್ಯಾನ್ ಮಾಡಿದಾಗ ಆ ಗುಳಿಯ ಕೆಳಗಿರುವ ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆ ಮುರಿದಿದ್ದು ಗೊತ್ತಾಯಿತು. ಈ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಅಪರೂಪವೇನಲ್ಲ. ಅದಕ್ಕೇ ಅನುಮಾನ ಇದ್ದರೆ ವೈದ್ಯರು 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ರಕ್ತ ಸರಿಯಾಗಿ ಹರಿಯದ ಜಾಗ ಅದು, ಬೇಗ ಕೂಡಿಕೊಳ್ಳುವುದಿಲ್ಲ. ತಮ್ಮನಿಗೆ ಸ್ಕ್ರೂ ಹಾಕಬೇಕಾಯಿತು. ಆಪರೇಷನ್ ಖರ್ಚು ಕೇಳೋಣ ಅಂತ ಆ ಪೇಪರ್ ತೆಗೆದು ಓದಿದರೆ, "ಈಗ ಗೊತ್ತಿರುವ ಮತ್ತು ಮುಂದೆ ಗೊತ್ತಾಗುವ ಎಲ್ಲಾ ಗಾಯಗಳಿಗೂ ಇದೇ ಅಂತಿಮ" ಅಂತ ಬರೆದಿತ್ತು. ಸಹಿ ಅವನದೇ. ನಾನು ಆ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ.

ನಿಮ್ಮ ಪತ್ರದಲ್ಲಿ "ಬಲಗೈ ಮಣಿಕಟ್ಟು" ಅಂತ ಓದಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ವಕೀಲರ ವಿಚಾರ ಆಮೇಲೆ. ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಿ ಆ ಗುಳಿ ತೋರಿಸಿ.

ಈಗ ವಕೀಲರು ಏನು ಮಾಡುತ್ತಾರೆ ಅನ್ನುವುದಕ್ಕೆ ಬರೋಣ. ವಕೀಲರೆಂದರೆ ಕೋರ್ಟಿನಲ್ಲಿ ನಿಂತು ವಾದ ಮಾಡುವವರು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಪಘಾತದ ಪರಿಹಾರದಲ್ಲಿ ಅವರ ದೊಡ್ಡ ಕೆಲಸ ಅದಕ್ಕೂ ಮುಂಚೆ ನಡೆಯುತ್ತದೆ. ಎಷ್ಟೋ ಪ್ರಕರಣಗಳು ಪೂರ್ತಿ ವಿಚಾರಣೆಯವರೆಗೆ ಹೋಗುವುದೇ ಇಲ್ಲ, ನಡುವೆಯೇ ರಾಜಿಯಾಗುತ್ತವೆ. ಆ ರಾಜಿ ಯಾವಾಗ ಮತ್ತು ಯಾವ ಲೆಕ್ಕದ ಮೇಲೆ ಆಗಬೇಕು ಅಂತ ನೋಡಿಕೊಳ್ಳುವುದೇ ಒಳ್ಳೆಯ ವಕೀಲರ ಕೆಲಸ. ಗಾಯ ವಾಸಿಯಾಗಿ ಒಂದು ಹಂತಕ್ಕೆ ಬಂದು ನಿಲ್ಲುವವರೆಗೆ, ಅಂದರೆ ಇನ್ನು ಮುಂದೆ ಇದು ಇಷ್ಟೇ ಅಂತ ಡಾಕ್ಟರು ಹೇಳುವವರೆಗೆ, ಅವರು ಕೊನೆಯ ಮೊತ್ತ ಒಪ್ಪಿಕೊಳ್ಳಲು ಬಿಡುವುದಿಲ್ಲ. ಆ ಹನ್ನೊಂದನೇ ದಿನದ ಫೋನಿಗೆ ನಿಜವಾದ ಉತ್ತರ ಇದೇ.

ಲೆಕ್ಕದ ವಿಷಯ. ಆಸ್ಪತ್ರೆ ಬಿಲ್ಲು ಕೂಡಿಸುವುದು ಯಾರಿಗೂ ಬರುತ್ತದೆ. ಕಷ್ಟ ಇರುವುದು ಮುಂದಿನ ನಷ್ಟ ಲೆಕ್ಕ ಹಾಕುವುದರಲ್ಲಿ. 2010ರಲ್ಲಿ ಭಾರತದ ಸುಪ್ರೀಂ ಕೋರ್ಟ್, ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ, ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವರ ದೇಹದ ಊನ 60 ಪರ್ಸೆಂಟ್ ಅಂತ ಡಾಕ್ಟರು ಬರೆಯಬಹುದು. ಅವರು ಡ್ರೈವರ್ರೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಮ್ಮಿ 100 ಪರ್ಸೆಂಟ್. ಸರ್ಕಾರಿ ಗುಮಾಸ್ತರಾಗಿದ್ದರೆ ಕೆಲಸವೇ ಹೋಗದಿರಬಹುದು. ನಿಮ್ಮ ಯಜಮಾನರು ಟೈಲರ್. ಕತ್ತರಿ ಹಿಡಿಯುವುದು, ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುವುದು, ಕಾಜಾ ಮಾಡುವುದು, ಎಲ್ಲಕ್ಕೂ ಆ ಹೆಬ್ಬೆರಳು ಮತ್ತು ಮಣಿಕಟ್ಟೇ ಬೇಕು. ಫೋನಿನಲ್ಲಿ ಅವರು ಹೇಳಿದ ಮೊತ್ತದಲ್ಲಿ ಈ ಲೆಕ್ಕ ಇದೆಯಾ? ಹನ್ನೊಂದು ದಿನದಲ್ಲಿ ಇರಲು ಸಾಧ್ಯವೇ ಇಲ್ಲ, ಯಾಕೆಂದರೆ ಆ ಕೈ ಏನಾಗುತ್ತದೆ ಅಂತ ಡಾಕ್ಟರಿಗೇ ಇನ್ನೂ ಗೊತ್ತಿಲ್ಲ. ಸ್ವಂತ ಕೆಲಸ ಮಾಡುವವರಿಗೆ ಸಂಬಳದ ಚೀಟಿ ಇರುವುದಿಲ್ಲ ಅನ್ನುವುದು ಇನ್ನೊಂದು ತೊಡಕು. ಆರ್ಡರ್ ಪುಸ್ತಕ, ಅಳತೆ ಚೀಟಿ, ಬ್ಯಾಂಕ್ ಪಾಸ್‌ಬುಕ್, ವಾಪಸ್ ಕೊಟ್ಟ ಬಟ್ಟೆಗಳ ಲೆಕ್ಕ ಎಲ್ಲವನ್ನೂ ಎತ್ತಿಡಿ. ಅದರಿಂದಲೇ ವಕೀಲರು ಆದಾಯ ತೋರಿಸುತ್ತಾರೆ.

ಬೆಲ್ಟ್ ವಿಷಯಕ್ಕೆ ಹೆದರಬೇಡಿ, ಆದರೆ ಮುಚ್ಚಿಡಲೂ ಬೇಡಿ. ನಮ್ಮ ಕಡೆಯೂ ತಪ್ಪು ಇದ್ದರೆ ಅನೇಕ ದೇಶಗಳಲ್ಲಿ ಪರಿಹಾರ ಪೂರ್ತಿ ಹೋಗುವುದಿಲ್ಲ, ತಪ್ಪಿನಷ್ಟು ಕಡಿತವಾಗುತ್ತದೆ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಲಾರ್ಡ್ ಡೆನ್ನಿಂಗ್ ಅನ್ನುವ ನ್ಯಾಯಾಧೀಶರು ಬೆಲ್ಟ್ ಬಗ್ಗೆಯೇ ಒಂದು ಅಳತೆ ಕೊಟ್ಟರು: ಬೆಲ್ಟ್ ಇದ್ದಿದ್ದರೆ ಗಾಯವೇ ಆಗುತ್ತಿರಲಿಲ್ಲ ಅಂದರೆ 25 ಪರ್ಸೆಂಟ್ ಕಡಿತ, ಗಾಯ ಕಡಿಮೆ ಆಗುತ್ತಿತ್ತು ಅಂದರೆ 15, ಬೆಲ್ಟ್ ಇದ್ದರೂ ಅದೇ ಗಾಯ ಆಗುತ್ತಿತ್ತು ಅಂದರೆ ಕಡಿತವೇ ಇಲ್ಲ. ಹಿಂದಿನಿಂದ ಗುದ್ದಿದಾಗ ಕುತ್ತಿಗೆ ಹಿಂದೆ ಮುಂದೆ ಜಗ್ಗಿ ಆಗುವ ನೋವು ಬೆಲ್ಟ್ ಹಾಕಿದವರಿಗೂ ಆಗುತ್ತದೆ. ಇದನ್ನು ಸರಿಯಾದ ಜಾಗದಲ್ಲಿ ಎತ್ತಿ ಹೇಳುವವರು ಬೇಕು. ಫೋನ್ ಮಾಡಿದವರು ಬೆಲ್ಟ್ ಅನ್ನುವ ಒಂದು ಮಾತು ಹೇಳಿದ್ದಕ್ಕೇ ನೀವು ಅರ್ಧ ಸೋತ ಹಾಗೆ ಬರೆದಿದ್ದೀರಿ, ನನಗೆ ಬೇಜಾರಾಯಿತು. ಹಳೇ ಕುತ್ತಿಗೆ ನೋವಿನದೂ ಹೀಗೇ. ಗಾಯಗೊಂಡವರು ಹೇಗಿದ್ದರೋ ಹಾಗೇ ಅವರನ್ನು ಒಪ್ಪಿಕೊಳ್ಳಬೇಕು ಅನ್ನುವುದು ಹಳೆಯ ಕಾನೂನು ತತ್ವ. ಮೊದಲೇ ನೋವಿದ್ದ ಕುತ್ತಿಗೆಗೆ ಡಿಕ್ಕಿಯಿಂದ ಜಾಸ್ತಿಯಾಗಿದ್ದರೆ ಆ ಜಾಸ್ತಿಯಾದ ಪಾಲಿಗೆ ಗುದ್ದಿದವರು ಹೊಣೆ. ವಕೀಲರಿಗೆ ಹಳೇ ರಿಪೋರ್ಟುಗಳನ್ನೂ ಕೊಡಿ. ನೀವು ಬಚ್ಚಿಟ್ಟು ಎದುರಿನವರು ಹುಡುಕಿ ತೆಗೆದರೆ ಹೊಸ ನೋವನ್ನೂ ಯಾರೂ ನಂಬುವುದಿಲ್ಲ.

ಸಾಕ್ಷ್ಯ ಕಾಯುವುದಿಲ್ಲ. ಇದು ವಕೀಲರನ್ನು ಬೇಗ ನೋಡಬೇಕು ಅನ್ನುವುದಕ್ಕೆ ದೊಡ್ಡ ಕಾರಣ. ರಸ್ತೆ ಬದಿಯ ಕ್ಯಾಮೆರಾದ ದೃಶ್ಯ ಕೆಲವು ದಿನ ಇಲ್ಲವೇ ವಾರಗಳಲ್ಲಿ ತಾನಾಗಿ ಅಳಿಸಿ ಅದರ ಮೇಲೆ ಹೊಸದು ಬರುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಡಿಕ್ಕಿಗೆ ಮುಂಚಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದು ದಾಖಲಾಗುವ ಉಪಕರಣ ಇರುತ್ತದೆ, ಕಾರು ಗುಜರಿಗೆ ಹೋದರೆ ಅದೂ ಹೋಯಿತು. ಇವನ್ನೆಲ್ಲಾ ಉಳಿಸಿಡಿ ಅಂತ ವಕೀಲರು ನೋಟಿಸ್ ಕಳಿಸುತ್ತಾರೆ, ಪೊಲೀಸ್ ದಾಖಲೆಯ ಪ್ರತಿ ತರಿಸುತ್ತಾರೆ, ನೋಡಿದವರನ್ನು ಮಾತಾಡಿಸುತ್ತಾರೆ. ನೀವು ಮಾಡಬೇಕಾದ್ದು ಒಂದಿದೆ. ಮೊದಲ ದಿನ ಡಾಕ್ಟರು ಬರೆದ ಚೀಟಿಯಲ್ಲಿ ಕಾರು ಅಪಘಾತ ಅಂತಲೇ ಇದೆಯಾ, ಮಣಿಕಟ್ಟು ಮತ್ತು ಕುತ್ತಿಗೆ ಎರಡೂ ಇದೆಯಾ ನೋಡಿ. ಅವಸರದಲ್ಲಿ "ಬಿದ್ದು ಪೆಟ್ಟು" ಅಂತ ಬರೆದುಬಿಟ್ಟರೆ ಆಮೇಲೆ ಅದೊಂದೇ ಪದ ವರ್ಷಗಟ್ಟಲೆ ಕಾಡುತ್ತದೆ.

ಪರಿಹಾರ ಕೇಳಿ ಕೇಸು ಹಾಕುವ ಗಡುವು ಅಂತೂ ಒಂದೊಂದು ಕಡೆ ಒಂದೊಂದು ಥರ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ 6 ತಿಂಗಳು ಅಂತ ಹಾಕಿತು. ನ್ಯೂಜಿಲೆಂಡಿನಲ್ಲಿ ದಾರಿಯೇ ಬೇರೆ, 1974ರಿಂದ ಅಲ್ಲಿ ತಪ್ಪು ಯಾರದು ಅಂತ ನೋಡದೆ ಸರ್ಕಾರಿ ವ್ಯವಸ್ಥೆಯೇ ಪರಿಹಾರ ಕೊಡುತ್ತದೆ. ನೀವಿರುವ ಕಡೆಯ ಗಡುವನ್ನು ವಕೀಲರ ಮೊದಲ ಭೇಟಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ನಿಮ್ಮ ಭಾವನವರ ಮಾತು ಪೂರ್ತಿ ಸುಳ್ಳಲ್ಲ. ಫೀ ದೊಡ್ಡ ವಿಷಯವೇ. ಅಮೆರಿಕದಲ್ಲಿ ದುಡ್ಡು ಬಂದರೆ ಮಾತ್ರ ಫೀ, ಆದರೆ ಅದು ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನಷ್ಟು. ಭಾರತದಲ್ಲಿ ಪರಿಹಾರದಲ್ಲಿ ಪಾಲು ಅಂತ ಒಪ್ಪಂದ ಮಾಡಿಕೊಳ್ಳಲು ವಕೀಲರ ಮೇಲ್ವಿಚಾರಣೆ ಮಾಡುವ ಬಾರ್ ಕೌನ್ಸಿಲ್‌ನ ನಿಯಮ ಅವರಿಗೆ ಬಿಡುವುದಿಲ್ಲ. ಎಲ್ಲೇ ಆಗಲಿ ಫೀ ಎಷ್ಟು, ಓಡಾಟ ಮತ್ತು ಡಾಕ್ಟರ ವರದಿಯ ಖರ್ಚು ಯಾರದು, ಸೋತರೆ ಏನು ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬರೆದು ಕೊಡಲು ಹಿಂದೆ ಮುಂದೆ ನೋಡುವವರನ್ನು ಬಿಟ್ಟುಬಿಡಿ. ಆಸ್ಪತ್ರೆಯ ವರಾಂಡದಲ್ಲೇ ವಕಾಲತ್ತು ಹಿಡಿದು ಬರುವ ಮಧ್ಯವರ್ತಿಗಳನ್ನಂತೂ ಹತ್ತಿರ ಸೇರಿಸಬೇಡಿ. ಇಷ್ಟು ದೊಡ್ಡ ಮೊತ್ತ ಖಂಡಿತ ಕೊಡಿಸುತ್ತೇನೆ ಅಂತ ಮೊದಲ ದಿನವೇ ಹೇಳುವವರು ಬೇಡ. ನಿಮ್ಮ ಯಜಮಾನರ ಕೈಯನ್ನು ನೋಡಿ, ಕೆಲಸದ ಬಗ್ಗೆ ಹತ್ತು ಪ್ರಶ್ನೆ ಕೇಳುವವರು ಸಿಕ್ಕರೆ ಅವರ ಹತ್ತಿರ ಕೂತು ಮಾತಾಡಿ.

ಎಲ್ಲದಕ್ಕೂ ವಕೀಲರು ಬೇಕು ಅಂತ ನಾನು ಹೇಳುವುದಿಲ್ಲ. ಬಂಪರ್ ಮಾತ್ರ ಜಜ್ಜಿದ್ದರೆ, ತರಚು ಗಾಯ ವಾರದಲ್ಲಿ ಮಾಯ್ದಿದ್ದರೆ, ನೀವೇ ವಿಮಾ ಕಂಪನಿಯ ಜೊತೆ ಮಾತಾಡಿ ಮುಗಿಸಿಕೊಳ್ಳಬಹುದು, ಸುಮ್ನೆ ಖರ್ಚು ಯಾಕೆ. ದುಡಿಯುವ ಕೈಗೆ ಪೆಟ್ಟಾದಾಗ ಮಾತ್ರ ಒಬ್ಬರೇ ಹೋಗಬೇಡಿ.

ಇವತ್ತಿನಿಂದ ಒಂದು ನೋಟ್‌ಬುಕ್ ಇಡಿ. ದಿನಾ ರಾತ್ರಿ ಎರಡು ಸಾಲು ಸಾಕು. ನಿದ್ದೆ ಬಂತಾ, ಲೋಟ ಹಿಡಿಯಲು ಆಯಿತಾ, ಯಾವ ಬಟ್ಟೆ ಹೊಲಿಯಲಾಗದೆ ವಾಪಸ್ ಕೊಟ್ಟರು, ಅಷ್ಟೇ. ಎರಡು ವರ್ಷ ಆದಮೇಲೆ ಯಾರಾದರೂ ಕೇಳಿದಾಗ ನೋವು ನೆನಪಿನಲ್ಲಿ ಮಸುಕಾಗಿರುತ್ತದೆ, ಆ ಎರಡು ಸಾಲು ಹಾಗೇ ಇರುತ್ತದೆ.

ಫೋನ್ ಬಂದರೆ ಏನು ಹೇಳಲಿ ಅಂತ ಕೇಳಿದ್ದಿರಿ. ಜಗಳ ಬೇಡ. ರೆಕಾರ್ಡ್ ಮಾಡಿಕೊಳ್ಳುತ್ತೇವೆ, ಏನಾಯಿತು ಹೇಳಿ ಅಂದರೆ ಒಪ್ಪಬೇಡಿ, "ಈಗ ಪರವಾಗಿಲ್ಲ" ಅಂತ ಬಾಯಿ ಮಾತಿಗೂ ಅನ್ನಬೇಡಿ. ಇಷ್ಟು ಹೇಳಿ: "ಇವರಿಗೆ ಇನ್ನೂ ಚಿಕಿತ್ಸೆ ನಡೀತಿದೆ. ನೀವು ಹೇಳುವುದನ್ನೆಲ್ಲಾ ಬರೆದು ಕಳಿಸಿ. ವಕೀಲರಿಗೆ ತೋರಿಸಿ ಉತ್ತರ ಕೊಡುತ್ತೇವೆ." ಆಮೇಲೆ ಫೋನ್ ಇಟ್ಟು, ಕರೆ ಬಂದ ತಾರೀಖು, ಹೊತ್ತು, ಮಾತಾಡಿದವರ ಹೆಸರು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎರಡನೇ ಎಕ್ಸ್‌ರೇಯಲ್ಲಿ ಏನು ಬಂತು ಅಂತ ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕಿ