ನೆಟ್‌ವರ್ಕ್ ಇಲ್ಲದ ಕಡೆ ಒಬ್ರನ್ನೇ ಕಳಿಸೋದಾದ್ರೆ

ಟವರ್ ಕೆಲಸಕ್ಕೆ ಒಬ್ಬೊಬ್ರನ್ನೇ ಕಳಿಸ್ತೀವಿ, ವಾಟ್ಸಾಪ್ ಲೈವ್ ಲೊಕೇಶನ್ ಸಾಕಾ ಅಂತ ಕೇಳಿದೀರಲ್ಲ, ಖಂಡಿತ ಸಾಕಾಗಲ್ಲ. ಸಿಗ್ನಲ್ ಹೋದ್ರೆ ಮ್ಯಾಪಲ್ಲಿ ಹಳೇ ಜಾಗಾನೇ ತೋರಿಸ್ತಿರತ್ತೆ, ಆಫೀಸಲ್ಲಿ ಕೂತೋರು ಎಲ್ಲಾ ಸರಿಯಿದೆ ಅನ್ಕೊಂಡಿರ್ತಾರೆ. ಅದ್ರ ಬದಲು ಹೊರಡೋ ಮುಂಚೆನೇ ಯಾವ ದಾರಿ, ಎಷ್ಟೊತ್ತಿಗೆ ವಾಪಸ್, ಎಲ್ಲಿಂದ ಫೋನ್ ಮಾಡ್ತಾರೆ ಅಂತ ಬರೆದಿಟ್ಕೊಳ್ಳಿ. ಟೈಮ್ ಮೀರಿದ್ರೆ ಯಾರು, ಎಷ್ಟು ನಿಮಿಷಕ್ಕೆ, ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಒಬ್ರ ಹೆಸರಲ್ಲೇ ಇರ್ಬೇಕು, ಎಲ್ರ ಜವಾಬ್ದಾರಿ ಅಂದ್ರೆ ಯಾರೂ ನೋಡಲ್ಲ, ಇದೇ ಮುಖ್ಯ. ಮೊಬೈಲ್ ಸಿಗ್ನಲ್ ಸಿಗದ ಕಡೆ 406 ಮೆಗಾಹರ್ಟ್ಜ್ ಬೀಕನ್ (ಆಪತ್ತಲ್ಲಿ ಆನ್ ಮಾಡಿದ್ರೆ ಸ್ಯಾಟಲೈಟ್ ಮೂಲಕ ರಕ್ಷಣೆಯವ್ರಿಗೆ ಸುದ್ದಿ ಮುಟ್ಟಿಸೋ ಸಾಧನ) ಅಥವಾ ಸ್ಯಾಟಲೈಟ್ ಮೆಸೆಂಜರ್ (ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸೋ ಸಾಧನ) ಕೊಡಿ, ಅದನ್ನ ಬಳಸೋಕೆ ಪರ್ಮಿಷನ್ ಬೇಕಾ ಮೊದ್ಲೇ ವಿಚಾರಿಸಿ. ಆದ್ರೆ ದಯವಿಟ್ಟು ಟವರ್ ಹತ್ತೋಕೆ ಮಾತ್ರ ಒಬ್ರನ್ನೇ ಕಳಿಸ್ಬೇಡಿ, ಬಿದ್ದು ಸೇಫ್ಟಿ ಬೆಲ್ಟಲ್ಲಿ ನೇತಾಡ್ತಾ ಪ್ರಜ್ಞೆ ತಪ್ಪಿದ್ರೆ ಕೆಲವೇ ನಿಮಿಷದಲ್ಲಿ ಜೀವಕ್ಕೇ ಅಪಾಯ, ಕೆಳಗಿಳಿಸೋಕೆ ಗೊತ್ತಿರೋ ಇನ್ನೊಬ್ರು ಅಲ್ಲೇ ಇರ್ಲೇಬೇಕು.