ಮಿಷಿಗನ್ ಫುಟ್‌ಬಾಲ್ ತಂಡಕ್ಕೆ ಇಷ್ಟು ಮನ್ನಣೆ ಏಕೆ?

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಫುಟ್‌ಬಾಲ್ ಪಂದ್ಯವಿರುವ ಶನಿವಾರ ಅಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರಂತೆ. ವಿದ್ಯಾರ್ಥಿಗಳ ತಂಡವೊಂದಕ್ಕೆ ಇಷ್ಟು ಮನ್ನಣೆ ಹೇಗೆ ಬಂತು? ಅದರ ಸಾಧನೆಯೇನು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ವಿಶ್ವವಿದ್ಯಾಲಯವಿರುವ ಆ್ಯನ್ ಆರ್ಬರ್ ನಗರದ ಜನಸಂಖ್ಯೆಯೇ ಸುಮಾರು 1.2 ಲಕ್ಷ, 1927ರಲ್ಲಿ ಆರಂಭವಾದ ಅಲ್ಲಿಯ ಕ್ರೀಡಾಂಗಣದಲ್ಲಿ ಈಗ 1,07,601 ಮಂದಿ ಕೂರಬಹುದು. ಕೊನೆಯ ಆ ಒಂದು ಆಸನ, ಹಿಂದೆ ತರಬೇತುದಾರರಾಗಿದ್ದ ಫ್ರಿಟ್ಜ್ ಕ್ರಿಸ್ಲರ್ ಅವರ ಗೌರವಾರ್ಥ ಸೇರಿಸಿದ್ದು. ಎರಡು ರೆಕ್ಕೆ ಬಿಚ್ಚಿದಂತೆ ಕಾಣುವ ಹಳದಿ ಗುರುತನ್ನು ಆಟಗಾರರ ಹೆಲ್ಮೆಟ್‌ಗಳಿಗೆ 1938ರಲ್ಲಿ ತಂದವರೂ ಅವರೇ.

ತಂಡದ ಮೊದಲ ಪಂದ್ಯ ನಡೆದದ್ದು 1879ರಲ್ಲಿ. ಆದರೆ ಹೆಸರು ಬಂದದ್ದು 1901ರಲ್ಲಿ, ಫೀಲ್ಡಿಂಗ್ ಯೋಸ್ಟ್ ತರಬೇತುದಾರರಾದ ಮೇಲೆ. ಆ ಋತುವಿನ ಹನ್ನೊಂದು ಪಂದ್ಯಗಳಲ್ಲಿ ತಂಡ ಒಟ್ಟು 550 ಅಂಕ ಗಳಿಸಿ, ಎದುರಾಳಿಗಳಿಗೆ ಒಂದೂ ಅಂಕ ಬಿಟ್ಟುಕೊಡಲಿಲ್ಲ. 1902ರ ಜನವರಿ 1ರಂದು ನಡೆದ, ರೋಸ್ ಬೌಲ್ ಎಂಬ ಪ್ರತಿಷ್ಠಿತ ಹೊಸವರ್ಷದ ಪಂದ್ಯದ ಮೊದಲ ಆವೃತ್ತಿಯಲ್ಲಿ 49-0ರಿಂದ ಹಿಂದುಳಿದಿದ್ದ ಸ್ಟ್ಯಾನ್‌ಫರ್ಡ್, ಎಂಟು ನಿಮಿಷ ಬಾಕಿಯಿರುವಾಗಲೇ ಆಟ ಸಾಕೆಂದಿತು. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದಕ್ಕೆ, ಆಗ ಐದೇ ಅಂಕವಿತ್ತು, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿಯೂ ಇರಲಿಲ್ಲವೆಂಬುದನ್ನು ನೆನೆದರೆ ಈ ಅಂಕಿಗಳ ತೂಕ ತಿಳಿಯುತ್ತದೆ. ಎದುರಾಳಿಗಳಲ್ಲಿ ಹಲವರು ದುರ್ಬಲರಾಗಿದ್ದರೆಂಬುದನ್ನೂ ಮರೆಯಬಾರದು.

ನನಗೆ ಹೆಚ್ಚು ಪ್ರಿಯವಾದದ್ದು ಹೂಜಿಯ ಪ್ರಸಂಗ. 1903ರಲ್ಲಿ ಮಿನೆಸೋಟ ವಿರುದ್ಧ ಆಡಲು ಹೋದಾಗ, ಅಲ್ಲಿಯ ನೀರನ್ನು ನಂಬದ ಯೋಸ್ಟ್, ಅಂಗಡಿಯಿಂದ 30 ಸೆಂಟ್‌ಗೆ ಒಂದು ಹೂಜಿ ತರಿಸಿದರು. ಪಂದ್ಯ 6-6ರಲ್ಲಿ ಸಮವಾಗುತ್ತಲೇ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು; ಗದ್ದಲದಲ್ಲಿ ಹೂಜಿ ಅಲ್ಲೇ ಉಳಿಯಿತು. ಅದೇ ಇಂದಿಗೂ ಈ ಎರಡು ತಂಡಗಳ ನಡುವಿನ ಟ್ರೋಫಿ.

ಟಾಮ್ ಹಾರ್ಮನ್ (1940), ಡೆಸ್ಮಂಡ್ ಹೊವಾರ್ಡ್ (1991) ಮತ್ತು ಚಾರ್ಲ್ಸ್ ವುಡ್ಸನ್ (1997) ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ಪಡೆದರು. 2023ರ ನವೆಂಬರ್‌ನಲ್ಲಿ, ಕಾಲೇಜು ಫುಟ್‌ಬಾಲಿನಲ್ಲಿ ಸಾವಿರ ಗೆಲುವು ಕಂಡ ಮೊದಲ ತಂಡ ಇದಾಯಿತು. ಅಂದು ತರಬೇತುದಾರ ಜಿಮ್ ಹಾರ್ಬಾ ಮೈದಾನದಲ್ಲಿರಲಿಲ್ಲ. ಎದುರಾಳಿಗಳು ಆಟದ ವೇಳೆ ತಮ್ಮವರಿಗೆ ಸೂಚನೆ ನೀಡಲು ಬಳಸುವ ಸಂಕೇತಗಳನ್ನು ತಂಡದವರು ನಿಯಮ ಮೀರಿ ಸಂಗ್ರಹಿಸಿದರೆಂದು, ಮಿಷಿಗನ್ ಸೇರಿದ ವಿಶ್ವವಿದ್ಯಾಲಯ ತಂಡಗಳ ಒಕ್ಕೂಟವಾದ ಬಿಗ್ ಟೆನ್, ಹಾರ್ಬಾ ಅವರನ್ನು ಮೂರು ಪಂದ್ಯಗಳಿಂದ ದೂರವಿಟ್ಟಿತ್ತು. 2024ರ ಜನವರಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 34-13ರಿಂದ ಸೋಲಿಸಿ, ಆ ಋತುವಿನ ಹದಿನೈದಕ್ಕೆ ಹದಿನೈದೂ ಪಂದ್ಯ ಗೆದ್ದು, ತಂಡ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು.

ಆದರೆ ಈ ಚರಿತ್ರೆಯನ್ನು 1934ನ್ನು ಬಿಟ್ಟು ಹೇಳಲಾಗದು. ಕಪ್ಪುವರ್ಣೀಯ ಆಟಗಾರನಿದ್ದರೆ ಕಣಕ್ಕಿಳಿಯುವುದಿಲ್ಲವೆಂದು ದಕ್ಷಿಣದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ತಂಡ ಹಟ ಹಿಡಿದಾಗ, ಮಿಷಿಗನ್ ತನ್ನದೇ ಆಟಗಾರ ವಿಲ್ಲಿಸ್ ವಾರ್ಡ್ ಅವರನ್ನು ಹೊರಗಿಟ್ಟಿತು. ಗೆಳೆಯನಿಗಾದ ಅನ್ಯಾಯದಿಂದ ನೊಂದರೂ ಕೊನೆಗೆ ಆಡಿದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಒಬ್ಬರು. ತಂಡ 9-2ರಿಂದ ಗೆದ್ದಿತು. ಆ ವರ್ಷ ಆಡಿದ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಅದೊಂದನ್ನೇ.